ಹೊಲದ ಬದುವಿನಲ್ಲೇ ಆಟದ ಸಾಮಾನು: ಐಕಳ ಕೈಗೆ ಏನು ಕೊಡಬಹುದು, ಏನು ಕೊಡಬಾರದು

ಮೂರು ವರ್ಷ ದಾಟಿದ ಕೂಸಿನಿಂದ ಹಿಡಿದು ಒಂದನೇ, ಎರಡನೇ ಕ್ಲಾಸಿನ ಐಕಳವರೆಗೆ ಆಟದ ಸಾಮಾನು ಮಾಡಿಕೊಡಲು ಬೇಕಾದ್ದೆಲ್ಲ ನಮ್ಮ ಒಣಭೂಮಿಯಲ್ಲೇ ಇದೆ. ಒಣಗಿದ ಜೋಳದ ಕಡ್ಡಿ, ತೆಂಗಿನ ಗರಿ, ಕೆರೆಮಣ್ಣು, ಒಂದು ಹಿಡಿ ರಾಗಿ, ನಾಲ್ಕು ಚೆಂಡು ಹೂ, ಚಿಟಿಕೆ ಅರಿಶಿನ. ಖರ್ಚು ಸೊನ್ನೆ. ಬೇಕಾಗುವುದು ದೊಡ್ಡವರ ಅರ್ಧ ಗಂಟೆ ಬಿಡುವು ಮಾತ್ರ.

ಕೃಷಿ ಪತ್ರಿಕೆಯಲ್ಲಿ ಆಟದ ಸಾಮಾನಿನ ಮಾತು ಯಾಕೆ ಎಂದು ಕೇಳಬಹುದು. ಎರಡು ಕಾರಣ ಇದೆ.

ನಮ್ಮದು ಗುಂಡ್ಲುಪೇಟೆ ತಾಲ್ಲೂಕು, ಹಂಗಳದ ಕಡೆ, ಬಂಡೀಪುರದ ಕಾಡಂಚು. ಗೋಪಾಲಸ್ವಾಮಿ ಬೆಟ್ಟ ಕಣ್ಣೆದುರಿಗೇ ಕಾಣುತ್ತದೆ. ನಾವು ಸಣ್ಣವರಿದ್ದಾಗ ದನ ಹೊಡ್ಕೊಂಡು ದಿನವಿಡೀ ಹೊರಗೇ ಇರುತ್ತಿದ್ದೆವು. ಈಗ ಆನೆ, ಚಿರತೆ, ಹುಲಿಯ ಭಯದಿಂದ ಐಕಳನ್ನು ಬಾಗಿಲು ದಾಟಲು ಬಿಡುವುದಿಲ್ಲ. ಭಯ ಸುಳ್ಳಲ್ಲ. ಆದರೆ ಒಳಗೆ ಕೂಡಿಹಾಕಿದ ಮಗು ಕೈಗೆ ತಗೊಳ್ಳುವುದು ಮೊಬೈಲು. ರೈತನ ಮನೆಯ ಮಗುವಿಗೇ ಹರಳು ಗಿಡ ಯಾವುದು, ಎಕ್ಕ ಯಾವುದು ಗೊತ್ತಿಲ್ಲ ಅನ್ನುವ ಕಾಲ ಬಂತು.

ಎರಡನೆಯದು ಇನ್ನೂ ದೊಡ್ಡ ಮಾತು. ಮಗು ಆಟದ ಸಾಮಾನನ್ನು ಹೇಗಾದರೂ ಹುಡುಕಿಕೊಳ್ಳುತ್ತದೆ. ನಾವು ಕೊಡದಿದ್ದರೆ ಬದುವಿನ ಮೇಲೆ ಬಿಸಾಡಿದ ಔಷಧಿ ಬಾಟಲಿಯ ಮುಚ್ಚಳವೇ ಅದರ ಗಾಡಿಚಕ್ರ, ಖಾಲಿ ಡಬ್ಬವೇ ನೀರಿನ ಚೊಂಬು. ಒಳ್ಳೆಯ ಸಾಮಾನು ಕೈಗೆ ಕೊಟ್ಟು, ಜೊತೆಗೇ ಕೆಟ್ಟದ್ದರ ಗುರುತು ಹೇಳಿಕೊಡುವುದು, ಈ ಎರಡೂ ಒಂದೇ ಕೆಲಸ. ಮಗುವಿಗೆ ‘ಮುಟ್ಟಬೇಡ’ ಅಂದರೆ ನೆನಪಿರುವುದಿಲ್ಲ. ಕೈಯಲ್ಲಿ ಹಿಡಿದು ಮಾಡಿದ್ದು ಮರೆಯುವುದಿಲ್ಲ.

ನಮ್ಮ ಮನೆಯಲ್ಲಿ ಐದು ವರ್ಷದ ಮೊಮ್ಮಗಳು, ಮೂರೂವರೆ ವರ್ಷದ ಮೊಮ್ಮಗ ಇದ್ದಾರೆ. ಅವರ ಜೊತೆ ಮಾಡಿ ನೋಡಿದ್ದನ್ನಷ್ಟೇ ಇಲ್ಲಿ ಬರೆದಿದ್ದೇನೆ.

ಜೋಳದ ಕಡ್ಡಿಯ ಕನ್ನಡಕ ಮತ್ತು ಗಾಡಿ

ಕಟಾವಾಗಿ ಚೆನ್ನಾಗಿ ಒಣಗಿದ ಕಡ್ಡಿಯೇ ಆಗಬೇಕು. ಹಸಿ ಕಡ್ಡಿ ಮುರಿಯುತ್ತದೆ, ಬೂಷ್ಟು ಹಿಡಿಯುತ್ತದೆ. ಮುಸುಕಿನ ಜೋಳದ ಕಡ್ಡಿ ಇನ್ನೂ ದಪ್ಪ, ಚಕ್ರಕ್ಕೆ ಒಳ್ಳೆಯದು. ಗಿಣ್ಣು ಬಿಟ್ಟು ನಡುವಿನ ಭಾಗ ಕತ್ತರಿಸಿಕೊಳ್ಳಿ. ಮೇಲಿನ ಗಟ್ಟಿ ಸಿಪ್ಪೆಯನ್ನು ಉದ್ದಕ್ಕೆ ಸೀಳಿ ತೆಗೆದರೆ ಒಳಗೆ ಬಿಳಿ ಬೆಂಡು ಸಿಗುತ್ತದೆ. ಸಿಪ್ಪೆಯ ಅಂಚು ಬ್ಲೇಡಿನಷ್ಟೇ ಹರಿತ. ಆದ್ದರಿಂದ ಸೀಳುವುದು ದೊಡ್ಡವರ ಕೆಲಸ. ಸೀಳಿದ ಪಟ್ಟಿಯನ್ನು ಗೋಣಿಚೀಲದಲ್ಲಿ ಹಿಡಿದು ಎರಡು ಸಲ ಎಳೆದರೆ ಅಂಚು ಮೊಂಡಾಗುತ್ತದೆ. ಆಮೇಲೆ ಮಗುವಿನ ಕೈಗೆ ಕೊಡಿ.

ಕನ್ನಡಕ ಸುಲಭ. ಗೇಣುದ್ದದ ಸಿಪ್ಪೆಪಟ್ಟಿಯನ್ನು ಬಳೆಯಂತೆ ಬಗ್ಗಿಸಿ, ಎರಡು ತುದಿಯನ್ನೂ ಒಂದು ಬೆರಳುದ್ದದ ಬೆಂಡಿನ ತುಂಡಿಗೆ ಚುಚ್ಚಿ. ಇನ್ನೊಂದು ಬಳೆಯನ್ನು ಅದೇ ತುಂಡಿನ ಆಚೆ ಕಡೆಗೆ ಚುಚ್ಚಿ. ಅದು ಮೂಗಿನ ಮೇಲೆ ಕೂರುವ ಭಾಗ. ಎರಡು ಬಳೆಯ ಹೊರಬದಿಗೆ ಒಂದೊಂದು ಸಣ್ಣ ಬೆಂಡು ಸಿಕ್ಕಿಸಿ, ಅದಕ್ಕೆ ಕಿವಿಗೆ ಹೋಗುವ ಉದ್ದ ಪಟ್ಟಿ ಚುಚ್ಚಿದರೆ ಮುಗಿಯಿತು. ಪಟ್ಟಿಯ ತುದಿ ಕಣ್ಣಿನ ಕಡೆಗೆ ಚಾಚಿಕೊಂಡಿದೆಯಾ ನೋಡಿಕೊಂಡು ಹಾಕಿ.

ಗಾಡಿಗೆ ಬೆರಳುದ್ದದ ಆರು ಬೆಂಡಿನ ತುಂಡು ಪಕ್ಕಪಕ್ಕ ಇಟ್ಟು, ಎರಡು ತೆಂಗಿನ ಕಡ್ಡಿಯಿಂದ ಅಡ್ಡಕ್ಕೆ ಪೋಣಿಸಿ. ಅದು ಗಾಡಿಯ ಹಾಸು. ಅದರ ಕೆಳಗೆ ಅಡ್ಡಲಾಗಿ ಒಂದು ಬೆಂಡು ಕಟ್ಟಿ, ಅದರೊಳಗೆ ಇನ್ನೊಂದು ತೆಂಗಿನ ಕಡ್ಡಿ ತೂರಿಸಿದರೆ ಅಚ್ಚು. ಮುಸುಕಿನ ಜೋಳದ ದಪ್ಪ ಕಡ್ಡಿಯನ್ನು ಸಿಪ್ಪೆ ಸಮೇತ ಅರ್ಧ ಬೆರಳು ದಪ್ಪಕ್ಕೆ ಕೊಯ್ದರೆ ಎರಡು ಚಕ್ರ. ಚಕ್ರದ ತೂತು ಸ್ವಲ್ಪ ಸಡಿಲ ಇರಬೇಕು. ಮೊಳೆಯಿಂದ ತೂತು ಮಾಡಿದರೆ ಸರಿಯಾಗುತ್ತದೆ. ಚಕ್ರ ಕಳಚದಂತೆ ಹೊರಗಡೆ ಒಂದು ಚೂರು ಬೆಂಡು ಚುಚ್ಚಿ. ಅದೇ ಕಡಾಣಿ. ಅಚ್ಚು, ಕಡಾಣಿ, ನೊಗ, ಮೂಕಿ, ಈ ಮಾತುಗಳು ಎತ್ತಿನಗಾಡಿಯ ಜೊತೆಗೇ ಮನೆಯಿಂದ ಹೋಗುತ್ತಿವೆ. ಅಂಗೈಯಗಲದ ಗಾಡಿ ಮಾಡುವಾಗ ಐಕಳ ಬಾಯಿಗೆ ತಾನಾಗಿ ಬರುತ್ತವೆ. ಗಾಡಿಗೆ ಒಂದು ಹಿಡಿ ಹುರುಳಿ ಹೇರಿ ದಾರ ಕಟ್ಟಿ ಎಳೆಸಿ. ಜಾಸ್ತಿ ಹೇರಿದರೆ ಅಚ್ಚು ಬಗ್ಗುತ್ತದೆ. ಯಾಕೆ ಅಂತ ಅವರೇ ಕೇಳುತ್ತಾರೆ.

ಇದು ಬರೀ ಹಳ್ಳಿ ಆಟ ಎಂದು ತಿಳಿಯಬೇಡಿ. ಕಾನ್ಪುರದ ಐಐಟಿಯಲ್ಲಿ ಓದಿದ ಅರವಿಂದ ಗುಪ್ತ ಅವರು ಬೆಂಕಿಕಡ್ಡಿಯನ್ನು ಸೈಕಲ್ಲಿನ ವಾಲ್‌ಟ್ಯೂಬಿನ ಚೂರಿನಿಂದ ಜೋಡಿಸಿ ಮಕ್ಕಳಿಗೆ ಗಣಿತ, ವಿಜ್ಞಾನ ಕಲಿಸಿದರು. ಕಸದಿಂದ ಆಟಿಕೆ ಮಾಡುವ ಈ ಕೆಲಸಕ್ಕೆ 2018ರಲ್ಲಿ ಪದ್ಮಶ್ರೀ ಬಂತು. ಅವರಲ್ಲಿ ವಾಲ್‌ಟ್ಯೂಬು ಮಾಡುವ ಕೆಲಸವನ್ನು ನಮ್ಮಲ್ಲಿ ಬೆಂಡು ಮಾಡುತ್ತದೆ, ಅಷ್ಟೇ.

ತೆಂಗಿನ ಗರಿಯ ಗಿರಗಿಟ್ಲೆ, ಪೀಪಿ

ಹಸಿರು ಗರಿಯಿಂದ ನಡುವಿನ ಕಡ್ಡಿ ತೆಗೆದು, ಒಂದೇ ಅಗಲದ, ಮೊಳಕ್ಕೆ ಸ್ವಲ್ಪ ಕಮ್ಮಿ ಉದ್ದದ ನಾಲ್ಕು ಪಟ್ಟಿ ಮಾಡಿಕೊಳ್ಳಿ. ನಾಲ್ಕನ್ನೂ ಅರ್ಧಕ್ಕೆ ಮಡಿಸಿ. ಒಂದರ ಬಾಲ ಇನ್ನೊಂದರ ಮಡಿಕೆಯೊಳಗೆ, ಅದರ ಬಾಲ ಮೂರನೆಯದರ ಮಡಿಕೆಯೊಳಗೆ, ಹೀಗೇ ನಾಲ್ಕನೆಯದರ ಬಾಲ ಮೊದಲನೆಯದರ ಮಡಿಕೆಯೊಳಗೆ ತೂರಿಸಿ. ನಾಲ್ಕು ಬಾಲವನ್ನೂ ನಿಧಾನವಾಗಿ ಒಟ್ಟಿಗೆ ಎಳೆದರೆ ನಡುವೆ ಚೌಕದ ಗಂಟು ಬಿಗಿಯುತ್ತದೆ, ನಾಲ್ಕು ರೆಕ್ಕೆ ನಿಲ್ಲುತ್ತವೆ. ರೆಕ್ಕೆಯ ತುದಿಯನ್ನು ಸಮ ಮಾಡಿ ಕತ್ತರಿಸಿ. ಗಂಟಿನ ನಡುವೆ ಜಾಲಿಮುಳ್ಳು ತೂರಿಸಿ ಜೋಳದ ಕಡ್ಡಿಯ ತುದಿಗೆ ಚುಚ್ಚಿ. ಮುಳ್ಳಿನ ಚೂಪು ಆಚೆ ಬಂದಿದ್ದರೆ ಮುರಿದುಹಾಕಿ.

ಇಷ್ಟು ಮಾಡಿದರೂ ತಿರುಗುವುದಿಲ್ಲ. “ತಾತ, ಇದ್ಯಾಕ ತಿರುಗದಿಲ್ಲ?” ಎಂದು ನಮ್ಮ ಮೊಮ್ಮಗಳು ಕೇಳಿದಳು. ಗುಟ್ಟು ಇರುವುದು ತಿರುಚುವುದರಲ್ಲಿ. ರೆಕ್ಕೆ ಚಪ್ಪಟೆಯಾಗಿದ್ದರೆ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ, ಪಕ್ಕಕ್ಕೆ ತಳ್ಳುವುದಿಲ್ಲ. ನಾಲ್ಕು ರೆಕ್ಕೆಯನ್ನೂ ಒಂದೇ ಕಡೆಗೆ ಸ್ವಲ್ಪ ಓರೆಯಾಗಿ ತಿರುಚಿ, ಆಗ ತಿರುಗುತ್ತದೆ. ಒಂದು ರೆಕ್ಕೆ ಉಲ್ಟಾ ತಿರುಚಿದರೂ ಓಟ ಮಂದ. ಗುಡ್ಡದ ಮೇಲೆ ಕರೆಂಟು ತೆಗೆಯುವ ದೊಡ್ಡ ಗಾಳಿಯಂತ್ರವೂ ಇದೇ ಲೆಕ್ಕದಲ್ಲಿ ತಿರುಗುವುದು.

ಪೀಪಿಗೆ ಒಂದೇ ಉದ್ದ ಪಟ್ಟಿ ಸಾಕು. ತುದಿಯಿಂದ ಸಣ್ಣಗೆ ಸುತ್ತುತ್ತಾ, ಪ್ರತಿ ಸುತ್ತಿಗೂ ಸ್ವಲ್ಪ ಹೊರಗೆ ಸರಿಸುತ್ತಾ ಹೋದರೆ ನಾಗಸ್ವರದ ಆಕಾರ ಬರುತ್ತದೆ. ಕೊನೆಗೆ ತೆಂಗಿನ ಕಡ್ಡಿಯ ಚೂರು ಚುಚ್ಚಿ ನಿಲ್ಲಿಸಿ. ಊದುವ ತುದಿಯನ್ನು ಬೆರಳಲ್ಲಿ ಅಮುಕಿ ಚಪ್ಪಟೆ ಮಾಡಿದರೆ ಸದ್ದು ಬರುತ್ತದೆ. ಪೀಪಿ ಬಾಯಿಗೆ ಹೋಗುವ ಸಾಮಾನು. ಆದ್ದರಿಂದ ಗರಿಯನ್ನು ತೊಳೆದು ಬಳಸಿ, ಪೀಪಿಗೆ ಮುಳ್ಳು ಬಳಸಬೇಡಿ.

ರಾಗಿ ಕೂದಲಿನ ಮಣ್ಣೆತ್ತು

ಇದು ಎಲ್ಲಕ್ಕಿಂತ ಐಕಳಿಗೆ ಇಷ್ಟ. ಬಯಲುಸೀಮೆಯ ಉತ್ತರದ ಕಡೆ ಮಣ್ಣೆತ್ತಿನ ಅಮಾವಾಸ್ಯೆ ದಿನ ಮಣ್ಣಿನ ಎತ್ತು ಮಾಡಿ ಪೂಜೆ ಮಾಡುತ್ತಾರೆ. ನಮ್ಮ ಕಡೆ ಆ ಹಬ್ಬ ಇಲ್ಲ, ಆದರೆ ಮಣ್ಣಿಗೇನು ಬರ ಇಲ್ಲ.

ಬರೀ ಎರೆಮಣ್ಣು ಒಣಗುವಾಗ ಕುಗ್ಗಿ ಬಿರುಕು ಬಿಡುತ್ತದೆ. ಬರೀ ಕೆಂಪುಮಣ್ಣು ಅಂಟುವುದಿಲ್ಲ. ಎರಡು ಪಾಲು ಕೆರೆಮಣ್ಣು ಅಥವಾ ಎರೆಮಣ್ಣಿಗೆ ಒಂದು ಪಾಲು ಸಣ್ಣ ಮರಳು, ಒಂದು ಹಿಡಿ ರಾಗಿ ಹೊಟ್ಟು ಸೇರಿಸಿ, ಚಪಾತಿ ಹಿಟ್ಟಿನ ಹದಕ್ಕೆ ಕಲಸಿ. ಕಲ್ಲು, ಗಾಜಿನ ಚೂರು ಇದೆಯಾ ಎಂದು ಮೊದಲೇ ಜರಡಿ ಹಿಡಿಯಿರಿ. ಕಲಸುವುದನ್ನು ಐಕಳಿಗೇ ಬಿಡಿ.

ಎತ್ತು, ಎಮ್ಮೆ, ಕುರಿ, ಏನು ಮಾಡುತ್ತಾರೋ ಮಾಡಲಿ. ಕಾಲು ಗಿಡ್ಡ, ದಪ್ಪ ಇರಲಿ. ಕಾಲು ಉದ್ದ ಮಾಡಿದರೆ ಹೊಟ್ಟೆಯ ಭಾರಕ್ಕೆ ಕುಸಿಯುತ್ತದೆ. ಹಸಿ ಇರುವಾಗಲೇ ರಾತ್ರಿ ನೆನೆಸಿದ ರಾಗಿಯನ್ನು ಬೆನ್ನ ಮೇಲೆ ಉದುರಿಸಿ ಮೆಲ್ಲಗೆ ಒತ್ತಿಸಿ. ನೆರಳಲ್ಲಿಟ್ಟು, ಒದ್ದೆ ಬಟ್ಟೆ ಮುಚ್ಚಿ, ಬೆಳಗ್ಗೆ ಸಂಜೆ ನೀರು ಚಿಮುಕಿಸಿ. ಮೂರು ನಾಲ್ಕು ದಿನಕ್ಕೆ ಮೊಳಕೆ ಕಾಣುತ್ತದೆ. ಆಗ ಬಟ್ಟೆ ತೆಗೆದು ಬೆಳಕಿಗೆ ಇಡಿ. ವಾರಕ್ಕೆ ಎತ್ತಿನ ಮೈಮೇಲೆ ಹಸಿರು ಕೂದಲು.

ಇಲ್ಲೇ ಒಂದು ಪಾಠ ಇದೆ. ಎರಡು ಎತ್ತು ಮಾಡಿಸಿ, ಒಂದಕ್ಕೆ ಹಳೆಯ ಹುಳು ಹೊಡೆದ ರಾಗಿ, ಇನ್ನೊಂದಕ್ಕೆ ಒಳ್ಳೆಯ ಬಿತ್ತನೆ ರಾಗಿ ಹಾಕಿಸಿ. ಯಾವ ಎತ್ತಿಗೆ ಕೂದಲು ಜಾಸ್ತಿ ಬಂತು ಎಂದು ಮಗುವೇ ಹೇಳುತ್ತದೆ. ಬಿತ್ತುವ ಮುಂಚೆ ನಾವು ಮೊಳಕೆ ಪರೀಕ್ಷೆ ಮಾಡುವುದೂ ಇದನ್ನೇ. ಔಷಧಿ ಲೇಪಿಸಿದ, ಬಣ್ಣ ಬಣ್ಣದ ಪ್ಯಾಕೆಟ್ ಬೀಜವನ್ನು ಮಾತ್ರ ಇದಕ್ಕೆ ತರಲೇಬೇಡಿ. ಮನೆಯ ತಿನ್ನುವ ರಾಗಿಯೇ ಆಗಬೇಕು.

ಚೆಂಡು ಹೂ, ಅರಿಶಿನದ ಬಣ್ಣ

ಮುಂಗಾರಿನಲ್ಲಿ ಗುಂಡ್ಲುಪೇಟೆ ರಸ್ತೆಯ ಎರಡೂ ಕಡೆ ಚೆಂಡು ಹೂ, ಸೂರ್ಯಕಾಂತಿ ಅರಳಿದಾಗ ಪೇಟೆಯವರು ಕಾರು ನಿಲ್ಲಿಸಿ ಫೋಟೋ ತೆಗೆದುಕೊಳ್ಳುತ್ತಾರೆ. ಈ ಚೆಂಡು ಹೂವಿನ ಹೆಚ್ಚು ಪಾಲು ಹಾರಕ್ಕಲ್ಲ, ಬಣ್ಣ ತೆಗೆಯುವ ಕಾರ್ಖಾನೆಗೆ ಹೋಗುತ್ತದೆ. ಆ ಬಣ್ಣವನ್ನು ಕೋಳಿ ಆಹಾರಕ್ಕೆ ಸೇರಿಸಿದರೆ ಮೊಟ್ಟೆಯ ಹಳದಿ ಭಾಗದ ಬಣ್ಣ ಗಾಢವಾಗುತ್ತದೆ. ನಮ್ಮ ಹೊಲದ ಹೂ ಎಲ್ಲಿಗೆ ಹೋಗುತ್ತದೆ ಎಂದು ಐಕಳಿಗೆ ಗೊತ್ತಿರಲಿ.

ಬಣ್ಣ ತೆಗೆಯುವುದು ಹೀಗೆ. ಹಿತ್ತಿಲಿನ, ಔಷಧಿ ಹೊಡೆಯದ ಗಿಡದ ಹೂ ತನ್ನಿ. ಎರಡು ಬೊಗಸೆ ಎಸಳನ್ನು ಒಂದು ಲೀಟರು ನೀರಿನಲ್ಲಿ ಇಪ್ಪತ್ತು ನಿಮಿಷ ಕುದಿಸಿ ಸೋಸಿ. ಕಡಲೆಕಾಳು ಗಾತ್ರದ ಪಟಿಕ ಹಾಕಿ ಕರಗಿಸಿ. ಪಟಿಕ ಎಂದರೆ ಕ್ಷೌರದ ಅಂಗಡಿಯಲ್ಲಿ ಕೆನ್ನೆಗೆ ಉಜ್ಜುವ ಕಲ್ಲು, ಅದು ಬಣ್ಣವನ್ನು ಬಟ್ಟೆಗೆ ಹಿಡಿಸುತ್ತದೆ. ಹಳೇ ಬಿಳಿ ಪಂಚೆಯ ತುಂಡನ್ನು ಒಂದು ಗಂಟೆ ನೆನೆಸಿದರೆ ಹಳದಿ ಕರವಸ್ತ್ರ. ನೆನೆಸುವ ಮುಂಚೆ ಬಟ್ಟೆಗೆ ಅಲ್ಲಲ್ಲಿ ದಾರದಿಂದ ಗಂಟು ಹಾಕಿಸಿದರೆ, ಬಿಚ್ಚಿದಾಗ ಬಿಳಿ ಬಳೆ ಬಳೆಯಾಗಿ ಚಿತ್ತಾರ ಬರುತ್ತದೆ. ಒಲೆಯ ಕೆಲಸ ದೊಡ್ಡವರದು, ಗಂಟು ಹಾಕುವುದು ಅವರದು.

ಅರಿಶಿನದ್ದು ಇನ್ನೊಂದು ತಮಾಷೆ. ಹಳೇ ಕ್ಯಾಲೆಂಡರಿನ ಹಿಂಬದಿಗೆ ಅರಿಶಿನದ ನೀರು ಬಳಿದು ಒಣಗಿಸಿ. ಬಟ್ಟೆ ಸೋಪಿನ ನೀರಿನಲ್ಲಿ ಕಡ್ಡಿ ಅದ್ದಿ ಬರೆದರೆ ಕೆಂಪು ಅಕ್ಷರ. ಅದರ ಮೇಲೆ ನಿಂಬೆರಸ ಹಚ್ಚಿದರೆ ಮತ್ತೆ ಹಳದಿ. ಆರತಿ ನೀರು ಸುಣ್ಣ ಬಿದ್ದ ಕೂಡಲೇ ಕೆಂಪಗಾಗುವುದೂ ಇದೇ ಗುಣದಿಂದ. ಐಕಳ ಆಟಕ್ಕೆ ಸುಣ್ಣ ಬೇಡ, ಕಣ್ಣಿಗೆ ಬಿದ್ದರೆ ಸುಟ್ಟುಹೋಗುತ್ತದೆ.

ಲಂಟಾನದ ಆನೆ

ಲಂಟಾನ ಅಮೆರಿಕ ಖಂಡದ ಕಡೆಯಿಂದ ಬಂದ ಗಿಡ. ಬ್ರಿಟಿಷರ ಕಾಲದಲ್ಲಿ ಬೇಲಿಗೆ, ಚಂದಕ್ಕೆ ತಂದದ್ದು ಇವತ್ತು ಬಂಡೀಪುರದ ಕಾಡಿನ ನೆಲವನ್ನೇ ಮುಚ್ಚಿದೆ. ಅದರ ಕೆಳಗೆ ಹುಲ್ಲು ಬೆಳೆಯುವುದಿಲ್ಲ. ದನ ಎಲೆ ತಿಂದರೆ ಕಾಮಾಲೆ ಹಿಡಿಯುತ್ತದೆ.

ಇದೇ ಲಂಟಾನದಿಂದ ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಕುರ್ಚಿ, ಬುಟ್ಟಿ, ಆಟಿಕೆ ಮಾಡಲು ಕಲಿತರು. ಕಡ್ಡಿಯನ್ನು ನೀರಲ್ಲಿ ಕುದಿಸಿ, ಸಿಪ್ಪೆ ಸುಲಿದು, ಬಿಸಿ ಆರುವ ಮುಂಚೆ ಬಗ್ಗಿಸುವುದು ಅವರ ವಿಧಾನ. ನಮ್ಮ ಪಕ್ಕದ ಗೂಡಲೂರಿನ ಕಡೆಯ ಬುಡಕಟ್ಟಿನವರು ಲಂಟಾನದಿಂದಲೇ ನಿಜವಾದ ಆನೆಯಷ್ಟು ದೊಡ್ಡ ಆನೆಗಳನ್ನು ಹೆಣೆದರು. ಅವು 2021ರಲ್ಲಿ ಲಂಡನ್ನಿನ ಉದ್ಯಾನದಲ್ಲಿ, 2024ರ ಫೆಬ್ರವರಿಯಲ್ಲಿ ಬೆಂಗಳೂರಿನ ಲಾಲ್‌ಬಾಗಿನಲ್ಲಿ ನಿಂತಿದ್ದವು.

ನಾವು ಅಂಗೈಯಷ್ಟು ಆನೆ ಮಾಡಬಹುದು. ಹೊಲದ ಬದುವಿನ ಲಂಟಾನವೇ ಸಾಕು. ಕಾಯಿ, ಎಲೆ, ಸಣ್ಣ ಮುಳ್ಳು ತೆಗೆದು, ಕುದಿಸಿ ಸುಲಿದ ಕಡ್ಡಿಯನ್ನಷ್ಟೇ ಐಕಳಿಗೆ ಕೊಡಿ. ಬೆರಳುದ್ದದ ಹತ್ತು ಕಡ್ಡಿಯ ಕಟ್ಟು ಹೊಟ್ಟೆ. ಅದಕ್ಕೆ ಬಾಳೆನಾರಿನಿಂದ ನಾಲ್ಕು ಸಣ್ಣ ಕಟ್ಟು ಕಟ್ಟಿದರೆ ಕಾಲು. ಒಂದು ಎಳೇ ಕಡ್ಡಿ ಬಗ್ಗಿಸಿದರೆ ಸೊಂಡಿಲು, ಹಲಸಿನ ಎಲೆ ಎರಡು ಸಿಕ್ಕಿಸಿದರೆ ಕಿವಿ. ರಾತ್ರಿ ಬಂದು ಬಾಳೆ ತುಳಿದು ಹೋಗುವ ಆನೆಯ ಭಯ ಮಾತ್ರ ಗೊತ್ತಿರುವ ಮಗು, ಆನೆಗೆ ಯಾಕೆ ಹೊಟ್ಟೆ ಹಸಿಯುತ್ತದೆ ಎಂದು ಕೇಳುವುದು ಇಂಥ ಹೊತ್ತಿನಲ್ಲೇ. ಕಾಡಿನ ಹುಲ್ಲಿನ ಮಾತು, ಲಂಟಾನದ ಮಾತು ಆಗ ಹೇಳಿ.

ಕೈಗೆ ಕೊಡಬಾರದ್ದು

ಆಟದ ಜೊತೆಗೇ ಈ ಗುರುತುಗಳನ್ನು ಐಕಳಿಗೆ ತೋರಿಸಿ. ಗಿಡದ ಹತ್ತಿರ ಕರಕೊಂಡು ಹೋಗಿ, ಹೆಸರು ಹೇಳಿಸಿ.

ಹರಳು ಬೀಜ: ನೋಡಲು ಚಂದ, ಅಗಿದರೆ ವಿಷ. ವಾಂತಿ, ಭೇದಿ ಶುರುವಾಗುವುದು ಕೆಲವು ಗಂಟೆ ಕಳೆದ ಮೇಲೆ. ಅದಕ್ಕೇ ಮೋಸ.

ಗುಲಗಂಜಿ: ಕೆಂಪು ಕಪ್ಪು ಮಣಿಯಂತೆ ಇದ್ದು ಸರಕ್ಕೆ ಪೋಣಿಸುವ ಆಸೆ ಹುಟ್ಟಿಸುತ್ತದೆ. ತೂತು ಮಾಡಿದ ಗುಲಗಂಜಿ ಇನ್ನೂ ಅಪಾಯ.

ಉಮ್ಮತ್ತಿ, ಕಣಗಿಲೆ, ಲಂಟಾನದ ಹಸಿರುಕಾಯಿ: ಬಾಯಿಗೆ ಹೋಗಬಾರದು. ಕಣಗಿಲೆ ಕಡ್ಡಿಯಲ್ಲಿ ಪೀಪಿ, ಚಮಚ ಏನೂ ಬೇಡ.

ಎಕ್ಕ, ಕಳ್ಳಿಯ ಹಾಲು: ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು.

ನಸುಗುನ್ನಿ, ಪಾರ್ಥೇನಿಯಂ: ಮೈ ತುರಿಕೆ.

ಮೂರು ವರ್ಷದ ಒಳಗಿನ ಕೂಸಿನ ಹತ್ತಿರ ಹುಣಸೆಬೀಜ, ಅವರೆ, ಹುರುಳಿ ಬಿಡಬೇಡಿ. ಮೂಗಿಗೆ ತೂರಿಸಿಕೊಂಡರೆ ಬೀಜ ಒಳಗೆ ನೆನೆದು ಊದಿಕೊಳ್ಳುತ್ತದೆ, ತೆಗೆಯುವುದು ಕಷ್ಟ.

ಇನ್ನು ನಮ್ಮದೇ ಮನೆಯ ವಿಷ. ಹತ್ತಿಗೆ, ಟೊಮೆಟೊಗೆ ಹೊಡೆಯುವುದಕ್ಕೂ ‘ಔಷಧಿ’ ಅನ್ನುತ್ತೇವೆ, ಜ್ವರಕ್ಕೆ ಕುಡಿಸುವುದಕ್ಕೂ ‘ಔಷಧಿ’ ಅನ್ನುತ್ತೇವೆ. ಮೂರು ವರ್ಷದ ಕೂಸಿಗೆ ಎರಡರ ವ್ಯತ್ಯಾಸ ಹೇಗೆ ಗೊತ್ತಾಗಬೇಕು? ನಮ್ಮ ಮನೆಯಲ್ಲಿ ಹೊಲಕ್ಕೆ ಹೊಡೆಯುವುದನ್ನು ಐಕಳ ಎದುರಿಗೆ ‘ವಿಷ’ ಎಂದೇ ಕರೆಯುತ್ತೇವೆ. ಇಷ್ಟು ಬದಲಾಯಿಸಲು ಯಾರ ಅಪ್ಪಣೆಯೂ ಬೇಡ. ಖಾಲಿ ಬಾಟಲಿ, ಮುಚ್ಚಳ, ಡಬ್ಬ ಬದುವಿನ ಮೇಲೆ ಇರಕೂಡದು. ಸಿಂಪಡಿಸಿದ ಹೊಲದ ಕಡ್ಡಿ, ಹೂ, ಎಲೆ ಆಟಕ್ಕೆ ತರಬೇಡಿ.

ಏನಾದರೂ ನುಂಗಿದ್ದರೆ ಉಪ್ಪುನೀರು, ಹುಣಸೆನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ನುಂಗಿದ ಬೀಜ ಅಥವಾ ಬಾಟಲಿಯ ಸಮೇತ ಆಸ್ಪತ್ರೆಗೆ ಓಡಿ, 108ಕ್ಕೆ ಫೋನು ಮಾಡಿ. ಕಣ್ಣಿಗೆ ಹಾಲು ಬಿದ್ದರೆ ಹದಿನೈದು ನಿಮಿಷ ಒಳ್ಳೆಯ ನೀರಿನಲ್ಲಿ ಬಿಡದೆ ತೊಳೆದು ಆಮೇಲೆ ಡಾಕ್ಟರ ಹತ್ತಿರ ಹೋಗಿ.

ಕಾಡಂಚಿನವರಿಗೆ ನಾಲ್ಕು ಮಾತು

ಬಂಡೀಪುರ 1973ರಲ್ಲಿ ಹುಲಿ ಯೋಜನೆಗೆ ಸೇರಿದ ಮೊದಲ ಕಾಡುಗಳಲ್ಲಿ ಒಂದು. ಅದರೊಳಗಿಂದ ಅಪ್ಪಣೆ ಇಲ್ಲದೆ ಒಂದು ಕಡ್ಡಿ ತರುವುದೂ ತಪ್ಪು, ಅಪಾಯ ಬೇರೆ. ಮೇಲೆ ಹೇಳಿದ ಯಾವುದಕ್ಕೂ ಕಾಡಿನ ಸಾಮಾನು ಬೇಡ. ಮನೆಯಿಂದ ನೂರು ಹೆಜ್ಜೆಯ ಒಳಗೆ ಸಿಗುವುದನ್ನೇ ಬಳಸಿ.

ಹೊತ್ತು ಚೆನ್ನಾಗಿ ಏರಿದ ಮೇಲೆ ಹೊರಡಿ, ಹೊತ್ತು ಇಳಿಯುವ ಮುಂಚೆ ಮನೆ ಸೇರಿ. ಪೊದೆ ಇರುವ ಕಡೆ ದೊಡ್ಡವರು ಮುಂದೆ, ಐಕಳು ಹಿಂದೆ. ಸೋಲಾರ್ ಬೇಲಿಯ ತಂತಿ ಯಾವುದು ಎಂದು ತೋರಿಸಿಡಿ. ಹೊಲದಲ್ಲಿ ಉಂಡೆಯಂತೆ ಸುತ್ತಿದ್ದು, ದಾರ ಕಟ್ಟಿದ್ದು ಏನೇ ಬಿದ್ದಿದ್ದರೂ ಮುಟ್ಟದೆ ಓಡಿಬಂದು ಹೇಳಬೇಕು ಎಂದು ಕಲಿಸಿ. ಹಂದಿಗೆ ಕದ್ದುಮುಚ್ಚಿ ಇಡುವ ಸಿಡಿಮದ್ದಿನ ಉಂಡೆ ಹಾಗೇ ಕಾಣುತ್ತದೆ.

ಮಾಡಿಸುವ ರೀತಿ

ನಾವೇ ಮಾಡಿ ಕೈಗೆ ಕೊಟ್ಟರೆ ಅದು ಅಂಗಡಿಯ ಆಟಿಕೆಯ ಹಾಗೇ, ಸಂಜೆಗೆ ಮೂಲೆ ಸೇರುತ್ತದೆ. ಕತ್ತರಿಸುವುದು, ಕುದಿಸುವುದು, ಸೀಳುವುದು ಮಾತ್ರ ನಾವು. ಚುಚ್ಚುವುದು, ಮಡಿಸುವುದು, ಕಲಸುವುದು, ಕಟ್ಟುವುದು ಅವರು. ಎತ್ತಿಗೆ ಮೂರು ಕೊಂಬು ಇಟ್ಟರೂ ತಿದ್ದಬೇಡಿ. ಮೂರು ವರ್ಷದ ಕೂಸು ಕಾಲು ಗಂಟೆಗಿಂತ ಹೆಚ್ಚು ಕೂರುವುದಿಲ್ಲ, ಎದ್ದು ಹೋದರೆ ಹೋಗಲಿ.

ಕಾಲಕ್ಕೆ ತಕ್ಕಂತೆ ಮಾಡಿ. ಮುಂಗಾರಿನಲ್ಲಿ ಮಣ್ಣು ಮತ್ತು ರಾಗಿ, ಹೂ ಬಿಡುವಾಗ ಬಣ್ಣ, ಕಟಾವಾದ ಮೇಲೆ ಜೋಳದ ಕಡ್ಡಿ, ಬೇಸಿಗೆ ರಜಕ್ಕೆ ತೆಂಗಿನ ಗರಿ. ವರ್ಷ ಒಂದು ಸುತ್ತು ಬರುವಷ್ಟರಲ್ಲಿ ಹತ್ತಿಪ್ಪತ್ತು ಗಿಡದ ಹೆಸರು, ಅದರ ಗುಣ ಐಕಳ ಬಾಯಲ್ಲಿ ಇರುತ್ತದೆ. ಮುರಿದ ಗಾಡಿ, ಬಾಡಿದ ಗಿರಗಿಟ್ಲೆಯನ್ನು ತಿಪ್ಪೆಗೆ ಹಾಕಿ. ಒಂದು ಮಳೆಗೆ ಗೊಬ್ಬರವಾಗುತ್ತದೆ. ಮಣ್ಣೆತ್ತನ್ನು ಹೊಲದ ಮೂಲೆಯಲ್ಲಿ ಇಟ್ಟರೆ ಅದರ ಬೆನ್ನ ಮೇಲಿನ ರಾಗಿಯೂ ಬೇರು ಬಿಡುತ್ತದೆ.

ನಿಮ್ಮ ಕಡೆ ಬೇರೆ ಸಾಮಾನು ಇರುತ್ತದೆ. ಮಲೆನಾಡಿನಲ್ಲಿ ಅಡಿಕೆ ಹಾಳೆ, ಕರಾವಳಿಯಲ್ಲಿ ಚಿಪ್ಪು, ನೀರಾವರಿಯಲ್ಲಿ ಬಾಳೆದಿಂಡು. ನಿಮ್ಮ ಅಜ್ಜ ಅಜ್ಜಿ ಮಾಡಿಕೊಟ್ಟಿದ್ದು ಯಾವುದು, ಅದಕ್ಕೆ ಅಳತೆ ಎಷ್ಟು, ಎಚ್ಚರ ಏನು ಎಂದು ಒಂದು ಕಾಗದದಲ್ಲಿ ಬರೆದು ಪತ್ರಿಕೆಗೆ ಕಳಿಸಿ. ಗೊತ್ತಿದ್ದವರು ಇರುವಾಗಲೇ ಬರೆದಿಡೋಣ.